ತಿಳಿದುಕೊಂಡು ಓದಿದವಳು

ಹೇಗೆ ಓದಬೇಕು ಎಂದು ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ. ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡುವವಳಲ್ಲವೇ ನಾನು, ಏನೋ ಒಂದು ಹೇಳಿ ಕಳಿಸುತ್ತೇನೆ. ಹೇಳುವಾಗಲೆಲ್ಲ ಕಾಕಾನ ಮಗಳು ಕಣ್ಣ ಮುಂದೆ ಬರುತ್ತಾಳೆ.

ಮಹಾರಾಷ್ಟ್ರದ ಗಡಿಯ ನಮ್ಮೂರು ವಾಗದರಿಯಿಂದ ಇಬ್ಬರೂ ಒಂದೇ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗುತ್ತಿದ್ದೆವು. ಹತ್ತನೆಯ ತನಕ ಕನ್ನಡ ಶಾಲೆ, ಆಮೇಲೆ ಎಲ್ಲವೂ ಮರಾಠಿ. ಅಕ್ಕಲಕೋಟೆ ದಾಟಿ ಕುಂಭಾರಿ ಬರುವುದರೊಳಗೆ ನಾನು ಗೈಡಿನ ಒಂದು ಉತ್ತರ ಉರು ಹೊಡೆದಿರುತ್ತಿದ್ದೆ. ತಿಳಿಯಿತೋ ಇಲ್ಲವೋ, ಆ ಗೊಡವೆ ನನಗೇಕೆ? ಪಾಸಾಗಬೇಕು, ನೌಕರಿ ಹಿಡಿಯಬೇಕು. ಅವಳು ತಿಳಿಯದೆ ಪುಟ ತಿರುಗಿಸುವವಳೇ ಅಲ್ಲ. "ಏ ಗಿಳಿ, ಸುಮ್ಮ ಕೂಡು" ಎಂದು ನನ್ನ ಗೈಡು ಕಸಿದುಕೊಂಡು ನಗುತ್ತಿದ್ದಳು.

ಸಂಜೆ ಅವಳವ್ವ, ನನ್ನ ಚಿಗವ್ವ, ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ಅರ್ಥಶಾಸ್ತ್ರ ಹೇಳುವುದೇ ಅವಳ ಓದು.

"ಅವ್ವಾ, ಉಪ್ಪು ತುಟ್ಟಿ ಆದ್ರ ಸಪ್ಪನ ಪಲ್ಯಾ ಉಣ್ತೀ ಏನು? ಇಲ್ಲ. ಸೀರಿ ತುಟ್ಟಿ ಆದ್ರ?"

"ಹಬ್ಬಕ್ಕ ಹಳೀದು ಉಟ್ಗೋತೀನಿ."

"ಹಾಂ, ಇದ ನೋಡು ಇವತ್ತಿನ ಪಾಠ!"

ಬೆಲೆ, ಬೇಡಿಕೆಯ ಆ ಪಾಠ ನನಗೆ ತಿಳಿದದ್ದೂ ಅದೇ ಒಲೆಯ ಮುಂದೆ.

ಕಾಕಾ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ: "ಪಾಸಾಗೋತ ಹೋದ್ರ ಕಲಿ. ಒಂದ ಪೇಪರ್ ಹೋದ್ರೂ ಸಾಲಿ ಬಂದ್, ಲಗ್ನ." ಮಂಗಳವೇಢೆಯಲ್ಲಿ ಅವಳ ಸೋದರಮಾವ ಲಗ್ನಕ್ಕೆ ಕಾಯುತ್ತಿದ್ದ. ಅವಳಿಗೋ, ಬಿ.ಎ. ಮುಗಿಸಿ ಎಂ.ಎ. ಮಾಡುವ ಆಸೆ.

ಮರಾಠಿಯಲ್ಲಿ ಬರೆಯುವ ಮೊದಲ ದೊಡ್ಡ ಪರೀಕ್ಷೆ ಬಂತು; ಅರ್ಥಶಾಸ್ತ್ರದ ಪೇಪರಿನಲ್ಲಿ ಅವಳು ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಯೋಚಿಸಿ, ಮರಾಠಿಗೆ ತಂದು ಬರೆಯುತ್ತ ಕೂತಳು. ಬಾಯಲ್ಲಿ ಹೇಳಿ ಕಲಿತವಳಿಗೆ ಬರೆದು ರೂಢಿಯೇ ಇರಲಿಲ್ಲ. ವೇಳೆ ಮುಗಿದಾಗ ಅರ್ಧ ಪ್ರಶ್ನೆಗಳು ಹಾಗೇ ಉಳಿದಿದ್ದವು. ಹೀಗಾದೀತು ಹುಷಾರು ಎಂದು ಹೇಳುವವರು ನಮಗೆ ಯಾರಿದ್ದರು?

ಗಿಳಿಗೆ ಫಸ್ಟ್ ಕ್ಲಾಸು. ಅವಳು ಅರ್ಥಶಾಸ್ತ್ರದಲ್ಲೇ ನಪಾಸು.

"ಇನ್ನೊಮ್ಮೆ ಕೂಡ್ತೀನಿ ಅಪ್ಪಾ" ಎಂದು ಕಾಕಾನ ಕಾಲು ಹಿಡಿದಳು. ಕಾಕಾ ಕೆಟ್ಟವನಲ್ಲ. ಅವಳ ತಲೆ ಸವರಿ, "ತಲಿಗೆ ಹತ್ತಲಾರದ್ದಕ್ಕ ಯಾಕ ಜೀವಾ ತೇಯ್ತಿ, ಯವ್ವಾ" ಎಂದ. ನಮ್ಮಿಬ್ಬರಲ್ಲಿ ತಲೆಗೆ ಹತ್ತಿದ್ದು ಅವಳಿಗೇ ಎಂದು ನಾನು ಅತ್ತು ಕೂಗಿ ಹೇಳಿದೆ. ಮಾರ್ಕ್ಸ್‌ ಕಾರ್ಡಿನ ಮುಂದೆ ನನ್ನ ಮಾತು ನಡೆಯಲಿಲ್ಲ. ಆ ಬೇಸಿಗೆಯಲ್ಲೇ ಲಗ್ನವಾಯಿತು. ಅಕ್ಷತೆ ಹಾಕುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

ಮೊನ್ನೆ ಮಂಗಳವೇಢೆಗೆ ಹೋಗಿದ್ದೆ. ಅವಳ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದು, "ಅವ್ವಾ, ಇದು ಹಿಂಗ್ಯಾಕ?" ಎಂದು ಕೇಳಿದಳು. ಎಷ್ಟೋ ವರ್ಷಗಳ ಮೇಲೆ ಅವಳು ಪಾಠ ಹೇಳುವುದನ್ನು ಕೇಳುತ್ತೇನೆಂದು ನಾನು ಆಸೆಯಿಂದ ಹತ್ತಿರ ಸರಿದೆ.

ಅವಳು ಪುಸ್ತಕದತ್ತ ನೋಡಲೂ ಇಲ್ಲ.

"ಯಾಕ ಗೀಕ ಕೇಳಬ್ಯಾಡ. ಬಾಯಿಪಾಠ ಮಾಡು" ಎಂದಳು. ಆಮೇಲೆ ನನ್ನ ಕಡೆ ಕೈ ಮಾಡಿ, "ದೊಡ್ಡವ್ವನ್ನ ನೋಡಿ ಕಲಿ."