ಶರಣಪ್ಪ ಸರ್ ಅವರ ‘ಪರಂತು’

ಶರಣಪ್ಪ ಸರ್ ಯಾವುದೇ ಕಾನೂನಿನ ಮೊದಲ ಸಾಲು ಹೇಳಿ ನಿಲ್ಲಿಸಿದರೆಂದರೆ ಇಡೀ ತರಗತಿ ಒಕ್ಕೊರಲಿನಿಂದ “ಪರಂತು?”, ಅಂದರೆ “ಆದರೆ?”, ಎಂದು ಕೂಗಬೇಕಿತ್ತು. ಕೂಗದಿದ್ದರೆ ಅವರು ಮುಂದಕ್ಕೇ ಹೋಗುತ್ತಿರಲಿಲ್ಲ. ಚಾಕ್‌ಪೀಸನ್ನು ಬೆರಳುಗಳ ನಡುವೆ ಉರುಳಿಸುತ್ತ, ಹುಬ್ಬೇರಿಸಿ, ನಮ್ಮ ಮುಖಗಳನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ನಮ್ಮ ಗದ್ದಲಕ್ಕೆ ಬೇಸತ್ತು ಪಕ್ಕದ ತರಗತಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

“ಮದಲ್ನೇ ಸಾಲು ಮಂದಿಗಿ ತೋರ್ಸಾಕ ಬರ್ದಿರ್ತಾರ. ಅಧಿಕಾರ ಕುಂತಿರೋದು ಪರಂತುದ ಹಿಂದ. ವಕೀಲಸಾಬ, ನೀವು ಮದಲ್ ಅದನ್ನ ಎಬ್ಬಸ್ರಿ,” ಎನ್ನುತ್ತಿದ್ದರು. ಕಾನೂನು ಕಾಲೇಜು ಸೇರಿದ ಮೊದಲ ದಿನದಿಂದಲೇ ಅವರಿಗೆ ನಾವೆಲ್ಲ ವಕೀಲಸಾಬರು. ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದರೂ ಅವರ ಜೀವವೆಲ್ಲ ಹುಟ್ಟೂರು ಕಮಲಾಪುರದಲ್ಲಿತ್ತು. ಭಾನುವಾರ ಊರಿಗೆ ಹೋದವರು ಸೋಮವಾರ ಕೈಚೀಲದ ತುಂಬ ಅಲ್ಲಿಯ ಕೆಂಪು ಬಾಳೆಹಣ್ಣು ತರುತ್ತಿದ್ದರು. ಮೊದಲು “ಪರಂತು” ಎಂದವರಿಗೆ ಒಂದು ಹಣ್ಣು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಕಾನೂನಿಗಿಂತ ಬಾಳೆಹಣ್ಣಿಗಾಗಿ ಕೂಗಿದವರೇ ಹೆಚ್ಚು.

ಯುದ್ಧದ ಕಾನೂನಿನ ಪಾಠವನ್ನು ನಾನು ಇವತ್ತಿಗೂ ಮರೆತಿಲ್ಲ. “ಯುದ್ಧದಾಗೂ ಆಸ್ಪತ್ರಿ ಮ್ಯಾಲ ಬಾಂಬ್ ಹಾಕಂಗಿಲ್ಲ. ವೈರಿ ಆಸ್ಪತ್ರಿ ಇದ್ರೂ ಹಾಕಂಗಿಲ್ಲ,” ಎಂದು ನಿಲ್ಲಿಸಿದರು. “ಪರಂತು?” ಎಂದೆವು. “ಪರಂತು, ಆಸ್ಪತ್ರಿ ಒಳಗಿಂದ ಯಾರರ ಗುಂಡು ಹಾರ್ಸಿದ್ರ ಆ ರಕ್ಷಣಾ ಹೋಗ್ತದ. ಹಾರ್ಸಿದ್ರು ಅಂತ ಹೇಳಾಂವ ಯಾರು? ಬಾಂಬ್ ಕೈಯಾಗ ಹಿಡ್ಕೊಂಡಾಂವನೇ!” ಆ ದಿನ ಹಣ್ಣು ಕೇಳಲು ಯಾರಿಗೂ ಮನಸ್ಸಾಗಲಿಲ್ಲ.

ಅವರು ಬರೀ ಬಾಯಿಮಾತಿನವರಲ್ಲ ಎಂದುಕೊಂಡಿದ್ದೆ. ಹಾಗೆಂದುಕೊಳ್ಳಲು ಕಾರಣವೂ ಇತ್ತು. ಕಾಲೇಜಿನ ನಿಯಮಗಳನ್ನು ಮಾಡುವ ಸಮಿತಿಯಲ್ಲಿ ವಿದ್ಯಾರ್ಥಿಗೂ ಒಂದು ಕುರ್ಚಿ ಬೇಕೆಂದು ಆಡಳಿತ ಮಂಡಳಿಯ ಎದುರು ವಾದಿಸಿ ಗೆದ್ದವರು ಅವರೇ. “ನಿಯಮದ ಕೆಳಗ ಬದುಕೋರು ನಿಯಮ ಬರಿಯೋ ಕಡಿ ಕುಂದರ್ಬೇಕ್ರಿ,” ಎಂದಿದ್ದರಂತೆ. ಆ ಕುರ್ಚಿಯ ಮೇಲೆ ಮೊದಲು ಕೂತವಳು ನಾನು, ಜೇವರ್ಗಿ ಕಾಲೋನಿಯ ಗುಮಾಸ್ತರೊಬ್ಬರ ಮಗಳು ನಸ್ರೀನ್. ಆ ದಿನ ಅಮ್ಮಿ ಓಣಿಗೆಲ್ಲ ಶೀರ್‌ಖುರ್ಮಾ ಹಂಚಿದ್ದಳು.

ಕೊನೆಯ ವರ್ಷದಲ್ಲಿ ಗಡಿಯಲ್ಲಿ ಗುಂಡಿನ ಸದ್ದು ಜೋರಾಯಿತು. ಟಿವಿಯವರು ಸ್ಟುಡಿಯೋದಲ್ಲಿ ಕೂತೇ ಯುದ್ಧ ಗೆಲ್ಲುತ್ತಿದ್ದರು. ಆಸ್ಪತ್ರೆಯಾದರೇನು, ಶಾಲೆಯಾದರೇನು, ಎಲ್ಲ ಸುಟ್ಟುಬಿಡಿ ಎಂದು ಒಬ್ಬ ಕಿರುಚುತ್ತಿದ್ದ. ಮರುದಿನ ತರಗತಿ ಮುಗಿದ ಮೇಲೆ ಸರ್ ನನ್ನನ್ನು ಕರೆದು, “ವಕೀಲಸಾಬ, ಆಸ್ಪತ್ರಿ ಪಾಠ ನಿನಗ ಛಲೋ ಬರ್ತದ. ಕನ್ನಡದಾಗ ಒಂದು ವಿಡಿಯೋ ಮಾಡಿ ಹಾಕು. ಮಂದಿಗಿ ತಿಳೀಲಿ,” ಎಂದರು. ಹಾಕಿದೆ. ಅವರು ಹೇಳಿದ್ದನ್ನೇ ಹೇಳಿದ್ದೆ. ಆದರೆ ಹೇಳಿದ ಬಾಯಿ ನನ್ನದು, ಹೆಸರು ನಸ್ರೀನ್. ಸಂಜೆಯೊಳಗೆ ನಾನು ವೈರಿಯ ವಕೀಲಳಾಗಿದ್ದೆ. ಊರಿನ ಒಂದು ಚಾನೆಲ್ ನನ್ನ ಮುಖದ ಸುತ್ತ ಕೆಂಪು ವೃತ್ತ ಹಾಕಿ ದಿನವಿಡೀ ತೋರಿಸಿತು. ಆ ಚಾನೆಲಿನವರನ್ನು ಪ್ರಶ್ನಿಸುವ ನಿಯಮ ಯಾರ ಬಳಿಯೂ ಇರಲಿಲ್ಲ.

ನನ್ನ ಮೇಲೆ ದೂರು ಬಂದು, ಕಾಲೇಜು ನನ್ನನ್ನು ಸರ್ ಕೂಡ ಇದ್ದ ಅದೇ ಸಮಿತಿಯ ಮುಂದೆ ಕರೆಯಿತು. ಅಮ್ಮಿ ನನ್ನ ದುಪಟ್ಟಾ ಸರಿಮಾಡುತ್ತ, “ಸರ್ ಹೈಂ ನಾ, ಕಾಯ್ಕು ಡರ್ತೀ?” ಎಂದಳು. ಸರ್ ಇದ್ದಾರಲ್ಲ, ಹೆದರಿಕೆ ಯಾಕೆ ಎಂದು ನಾನೂ ಹಾಗೆಯೇ ಧೈರ್ಯವಾಗಿ ಹೋದೆ.

“ಈ ವಿಡಿಯೋ ಮಾಡಂತ ನೀವೇ ಹೇಳಿದ್ರಂತಲ್ರಿ?” ಎಂದು ಪ್ರಿನ್ಸಿಪಾಲರು ಕೇಳಿದರು.

ಸರ್ ಮೇಜನ್ನು ನೋಡುತ್ತ, “ನಾ ಪಾಠ ಹೇಳೀನ್ರಿ. ವಿಡಿಯೋ ಮಾಡು ಅಂದಿಲ್ಲ,” ಎಂದರು.

ಅವರು ಅಲ್ಲಿಗೂ ನಿಲ್ಲಲಿಲ್ಲ. ಇಂಥದ್ದು ಮತ್ತೆ ಆಗದಂತೆ ತಾವೊಂದು ಹೊಸ ನಿಯಮ ಬರೆದು ತಂದಿರುವುದಾಗಿ ಹೇಳಿ, ಎದ್ದು ನಿಂತು ಓದಿದರು. “ವಿದ್ಯಾರ್ಥಿಗಳಿಗೆ ಸಮಿತಿಯಲ್ಲಿ ಭಾಗವಹಿಸುವ, ಮಾಧ್ಯಮದಲ್ಲಿ ಮಾತನಾಡುವ ಸಂಪೂರ್ಣ ಸ್ವಾತಂತ್ರ್ಯವಿರತಕ್ಕದ್ದು.” ಅದೇ ತರಗತಿಯ ದನಿ. ರೂಢಿಬಲದಿಂದ ಅಲ್ಲಿ ನಿಲ್ಲಿಸಿದರು. ನನ್ನ ಬಾಯಿಯಿಂದಲೂ ರೂಢಿಬಲದಿಂದಲೇ ಬಂದುಬಿಟ್ಟಿತು.

“ಪರಂತು?”

ಸಮಿತಿಯ ಒಬ್ಬರು ನಕ್ಕರು. ಸರ್ ನನ್ನತ್ತ ನೋಡಲಿಲ್ಲ. “ಪರಂತು, ಪೂರ್ವಾನುಮತಿಯಿಲ್ಲದೆ ಮಾತನಾಡತಕ್ಕದ್ದಲ್ಲ. ಪರಂತು, ದೂರಿಗೆ ಒಳಗಾದವರು ಸಮಿತಿಯಲ್ಲಿ ಕೂರತಕ್ಕದ್ದಲ್ಲ,” ಎಂದು ಓದಿ ಮುಗಿಸಿದರು. ವಿಡಿಯೋ ಅಳಿಸಿದೆ. ಕುರ್ಚಿಯಿಂದ ಎದ್ದು ಬಂದೆ. ಅದಾದ ಮೇಲೆ ಆ ಕುರ್ಚಿಗೆ ಯಾವ ವಿದ್ಯಾರ್ಥಿಯೂ ಬರಲಿಲ್ಲ. ಕೂರಲು ಬಂದವರ ಮೇಲೆ ದೂರು ಕೊಡುವುದೇನು ಮಹಾ ಕಷ್ಟದ ಕೆಲಸವೇ! ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ಆ ಮಾತಿನ ರುಚಿ ನನಗೆ ಅಂದು ತಿಳಿಯಿತು. ಬೈದ ಟಿವಿಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರನ್ನು ನಾನೆಂದೂ ನಂಬಿರಲಿಲ್ಲ. ಇವರನ್ನು ನಂಬಿದ್ದೆ.

ಅವರನ್ನು ಕಡೆಯ ಬಾರಿ ಕಂಡದ್ದು ಕಮಲಾಪುರದಲ್ಲಿ. ಆಗ ನಾನು ವಕೀಲಳಾಗಿದ್ದೆ. ಹುಮನಾಬಾದ್ ಕೋರ್ಟಿನಿಂದ ಮರಳುವಾಗ ರಸ್ತೆ ಬದಿ ಹಣ್ಣಿನಂಗಡಿಯ ಮುಂದೆ ಕಾರು ನಿಲ್ಲಿಸಿದೆ. ನಿವೃತ್ತರಾಗಿದ್ದ ಸರ್ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಸೊರಗಿದ್ದರು. “ವಕೀಲಸಾಬ!” ಎಂದು ಎದ್ದು ಬಂದರು. ಕುಶಲ ಕೇಳುವ ಮೊದಲೇ ಆ ದಿನದ ಮಾತಿಗೆ ಬಂದರು.

“ಅವತ್ತ ನಾ ಅದನ್ನ ಬರೀದಿದ್ರ ನಿನ್ನ ಕಾಲೇಜಿಂದ್ಲೇ ತೆಗೀತಿದ್ರವ್ವಾ. ಅವರಿಗಿ ಏನರ ಒಂದು ಕೊಡಬೇಕಿತ್ತು. ಕೊಟ್ಟೆ.”

“ನಂದೇ ಕೊಟ್ರಿ ಸರ್. ನಿಮ್ದೇನ್ ಕೊಟ್ರಿ?” ಎಂದೆ.

ಅವರು ಗೊನೆಯಿಂದ ಕೆಂಪು ಹಣ್ಣೊಂದನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತರು. ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಯ್ಯೋ ಅನ್ನಿಸುವುದು ಬೇರೆ, ಕ್ಷಮಿಸುವುದು ಬೇರೆ.

“ನಾ ಯಾವತ್ತೂ ನಿನ್ನ ಕಡೀನೇ ಇದ್ದೆ, ವಕೀಲಸಾಬ,” ಎಂದು ನಿಲ್ಲಿಸಿದರು.

ಹುಬ್ಬು ಮೇಲೇರಿತ್ತು. ನನ್ನ ಮುಖವನ್ನೇ ನೋಡುತ್ತ, ಹಣ್ಣನ್ನು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸುತ್ತ ಕಾದರು. ನಾನು ಕೇಳಿದ್ದರೆ ಬಹುಶಃ ಎಲ್ಲವನ್ನೂ ಹೇಳುತ್ತಿದ್ದರು, ತಮ್ಮ ನೌಕರಿಯ ಚಿಂತೆ, ಹೆದರಿಕೆ, ನಾಚಿಕೆ, ಎಲ್ಲವನ್ನೂ.

ನಾನು ಕೇಳಲಿಲ್ಲ. ಕಾರು ಹತ್ತಿ ಕಲಬುರಗಿಯ ಕಡೆ ಹೊರಟೆ. ಕನ್ನಡಿಯಲ್ಲಿ ನೋಡಿದಾಗ ಅವರು ಆ ಹಣ್ಣು ಹಿಡಿದು ಇನ್ನೂ ಹಾಗೆಯೇ ನಿಂತಿದ್ದರು.