ತುಂಗಿಯ ಮುಖ

ದೀಪಾವಳಿಗೆ ಮೊದಲು ಕೋಣೆಗೆ ಬಣ್ಣ ಹಚ್ಚಿಸಬೇಕೆಂದು ಮೇಜಿನ ಖಾನೆ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಕಪ್ಪು ಶಾಯಿಯ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ಅಂಟಿಕೊಂಡಿತ್ತು, ಸೆರಗಿನಿಂದ ಹಿಡಿದು ತಿರುವಿದೆ. ಒಳಗೆ ಶಾಯಿ ಒಣಗಿ ತಳ ಹಿಡಿದಿತ್ತು, ವಾಸನೆ ಮಾತ್ರ ಹಾಗೇ ಉಳಿದಿತ್ತು. ಕರ್ಪೂರಕ್ಕೆ ಅರಗು ಬೆರೆಸಿದಂಥ ವಾಸನೆ. ಈಗ ನಾನು ಚಿತ್ರ ಬರೆಯುವುದೆಲ್ಲ ಟ್ಯಾಬ್ಲೆಟ್ಟಿನ ಮೇಲೆ. ಎಷ್ಟೋ ಕಾಲದ ಮೇಲೆ ಅದು ಮೂಗಿಗೆ ಬಡಿದದ್ದೇ ರಾಣೆಬೆನ್ನೂರಿನ ಒಂದು ಪಡಸಾಲೆ ಕಣ್ಣೆದುರು ಬಂತು. ಕಬ್ಬಿಣದ ಕುರ್ಚಿ, ತೊಡೆಯ ಮೇಲೆ ನನ್ನ ಹಾಳೆಗಳನ್ನು ಹರಡಿಕೊಂಡು ಕೂತ ನಮ್ಮ ಕನ್ನಡದ ಸರ್...

ಬ್ಯಾಡಗಿಯ ಹೈಸ್ಕೂಲಿನಲ್ಲಿ ಅವರು ನಮಗೆ ಕನ್ನಡ ಕಲಿಸುತ್ತಿದ್ದರು. ಪಾಠ ಬಿಟ್ಟರೆ ಮಾತು ಕಡಿಮೆ. ಮಕ್ಕಳಿಗಾಗಿ ಒಂದೇ ಒಂದು ಪುಸ್ತಕ ಬರೆದಿದ್ದರು. ಹಾವೇರಿಯ ಸಣ್ಣ ಪ್ರೆಸ್ಸೊಂದರಲ್ಲಿ ಅಚ್ಚಾದ ಆ ಕಾದಂಬರಿಯಲ್ಲಿ ತುಂಗಿ ಎಂಬ ಹುಡುಗಿ ತುಂಗಭದ್ರೆಯ ತಳಕ್ಕೆ ಇಳಿದು, ಅಲ್ಲಿರುವ ಊರಿನ ರಾಜನ ಸೆರೆಯಿಂದ ಮುಳುಗಿಹೋದ ಮಕ್ಕಳನ್ನೆಲ್ಲ ಬಿಡಿಸಿಕೊಂಡು ಬರುತ್ತಾಳೆ. ಚಿತ್ರಗಳಿರಲಿಲ್ಲ. ತುಂಗಿ ನೋಡಲು ಹೇಗಿದ್ದಳೆಂದು ಒಂದು ಸಾಲೂ ಇರಲಿಲ್ಲ. ಓದುವಾಗ ನನ್ನ ಕಣ್ಣಿಗೆ ಬಂದ ತುಂಗಿ ನನ್ನ ಚಿಕ್ಕಪ್ಪನ ಮಗಳಂತಿದ್ದಳು. ನನ್ನ ಗೆಳತಿಯೊಬ್ಬಳ ತುಂಗಿ ಆ ಗೆಳತಿಯಂತೆಯೇ ಇದ್ದಳು.

ಬಹಳ ವರ್ಷಗಳ ಮೇಲೆ, ನಾನು ಚಿತ್ರಕಲೆ ಕಲಿತು, ಮದುವೆಯಾಗಿ ಹಾವೇರಿಗೆ ಬಂದು, ಮನೆಯಲ್ಲೇ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ದಿನಗಳಲ್ಲಿ ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಕೇಳಿದರು: ಹಳೆಯ ಸಾಹಸದ ಕತೆ ಯಾವುದಾದರೂ ಇದ್ದರೆ ಚಿತ್ರಕಾದಂಬರಿ ಮಾಡೋಣ, ಈಗಿನ ಮಕ್ಕಳು ಚಿತ್ರವಿದ್ದರೆ ಓದುತ್ತಾರೆ. ನನಗೆ ಥಟ್ಟನೆ ತುಂಗಿ ನೆನಪಾದಳು. ಸರ್ ಅಷ್ಟರಲ್ಲಿ ನಿವೃತ್ತರಾಗಿ ರಾಣೆಬೆನ್ನೂರಿನಲ್ಲಿದ್ದರು. ಕೇಳಿದ ಕೂಡಲೇ ಒಪ್ಪಿದರು. ಅವರಿಗೆ ಅಷ್ಟು ಖುಷಿಯಾದದ್ದನ್ನು ನಾನು ಶಾಲೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಮೊದಲ ಪುಟಗಳನ್ನು ತೆಗೆದುಕೊಂಡು ಹೋದೆ. ಹೊಳೆ, ಮೀನುಗಳು, ನೀರಿನೊಳಗಿನ ಊರು, ರಾಜ, ಎಲ್ಲವೂ ಅವರಿಗೆ ಹಿಡಿಸಿದವು. ಕೊನೆಗೆ ಹುಡುಗಿಯ ಮೇಲೆ ಬೆರಳಿಟ್ಟರು.

"ಚಲೋ ತಗದೀದಿ. ಆದ್ರ ಇಕಿ ತುಂಗಿ ಅಲ್ಲ ನೋಡವಾ."

ಇನ್ನೊಂದು ಮುಖ ಬರೆದುಕೊಂಡು ಹೋದೆ. ಅದೂ ಅಲ್ಲ. ಮತ್ತೊಂದು. ಹುಬ್ಬು ಹೀಗಲ್ಲ ಎಂದರು, ಹಾಗಾದರೆ ಹೇಗೆ ಎಂದು ಕೇಳಿದರೆ ತಡವರಿಸಿದರು. ಕೊನೆಗೆ ಒಂದು ಸಂಜೆ ಹಾಳೆಗಳನ್ನು ಪಕ್ಕಕ್ಕಿಟ್ಟು ಹೇಳಿದರು. "ತುಂಗಿ ಅಂದ್ರ ನನ್ನ ಮಗಳವಾ. ಸಾಲಿಗೆ ಹೋಗತಿದ್ಲು. ಜ್ವರ ಬಂದು ಹೋದ್ಲು. ಅಕಿ ಹೋದಮ್ಯಾಲೆ ಬರದದ್ದು ಆ ಪುಸ್ತಕ. ಹೊಳಿ ತಳಕ್ಕ ಇಳದ್ರೂ ತಿರುಗಿ ಮನಿಗೆ ಬರ್ತಾಳಲ್ಲ, ಅಷ್ಟಕ್ಕ ಬರದೆ."

ಅವರಿಗೆ ಮಗಳಿದ್ದಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾವು ಅವರ ಶಾಲೆಗೆ ಬರುವ ಮೊದಲೇ ಎಲ್ಲ ಮುಗಿದಿತ್ತು.

"ಫೋಟೋ ಏನರ ಐತೇನ್ರಿ ಸರ್?"

ಅವರು ಅಡಿಗೆಮನೆಯ ಕಡೆ ನೋಡಿದರು. ಒಳಗೆ ಅವರ ಹೆಂಡತಿ, ನಾನು ಅಮ್ಮ ಎನ್ನುತ್ತಿದ್ದವರು, ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ದನಿ ತಗ್ಗಿಸಿ ಹೇಳಿದರು. "ಇದ್ವು. ಇಕಿ ಎಲ್ಲಾ ಕುಮಾರಪಟ್ಟಣಕ್ಕ ಒಯ್ದು ಹೊಳಿಗೆ ಬಿಟ್ಟು ಬಂದ್ಲು. ನೋಡಾಕ ಆಗವಲ್ದು ಅಂದ್ಲು. ನಾನೂ ಬ್ಯಾಡ ಅನ್ನಲಿಲ್ಲ."

ಉಳಿದದ್ದು ಶಾಲೆಯ ಗುಂಪಿನ ಫೋಟೋ ಒಂದೇ. ತೆಗೆಯುವ ಹೊತ್ತಿಗೆ ಹುಡುಗಿ ಪಕ್ಕಕ್ಕೆ ತಿರುಗಿದ್ದಳು. ಜಡೆ, ಒಂದು ಕಿವಿ ಕಾಣುತ್ತಿದ್ದವು. ಮುಖವಿರಬೇಕಾದಲ್ಲಿ ಬರೀ ಮಂಜು.

ನನಗೆ ಹೆದರಿಕೆಯಾಯಿತು. ಈ ಕೆಲಸ ಬೇಡ ಎಂದುಕೊಂಡೇ ಹಾವೇರಿಯ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಒಂದು ಹುಡುಗಿ ಹತ್ತಿ ನನ್ನೆದುರು ಕೂತಳು. ಪೇರಲಹಣ್ಣು ಕಚ್ಚುತ್ತ ಕಿಟಕಿಯಾಚೆ ನೋಡುತ್ತಿದ್ದಳು, ಏನೋ ನೆನಪಾಗಿ ತಾನೇ ನಕ್ಕಳು. ಮನೆಗೆ ಬಂದವಳೇ ಆ ಮುಖ ಬರೆದೆ. ಮುಂದಿನ ವಾರ ಒಯ್ದು ಕೊಟ್ಟಾಗ ಸರ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

"ಇಕಿನ. ಇಕಿನ ನೋಡವಾ."

"ಸರ್, ಈ ಹುಡುಗಿನ್ನ ನಾ ಬಸ್ಸಿನ್ಯಾಗ ನೋಡೇನ್ರಿ."

"ಎಲ್ಯರ ನೋಡಿರು. ಇಕಿ ನಮ್ಮಾಕಿನ." ಹಾಳೆ ಹಿಡಿದುಕೊಂಡು ಒಳಗೆ ಹೋದರು. ಹೊರಗೆ ಬಂದು, "ಅಕಿ ನೋಡಾಂಗಿಲ್ಲಂತ" ಎಂದಷ್ಟೇ ಹೇಳಿದರು.

ಪುಸ್ತಕ ಬಂತು. ಪುಟಪುಟದಲ್ಲೂ ಆ ಮುಖ. ನಗುವ ತುಂಗಿ, ಹೆದರಿದ ತುಂಗಿ, ರಾಜನೆದುರು ಸೆಟೆದು ನಿಂತ ತುಂಗಿ. ಸರ್ ಅದನ್ನು ದಿನವೂ ತೆಗೆದು ನೋಡುತ್ತಿದ್ದರಂತೆ, ಮಲಗುವಾಗ ದಿಂಬಿನ ಬದಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಕರ್ಜಗಿಯ ಶಾಲೆಯವರು ನಮ್ಮಿಬ್ಬರನ್ನೂ ಕರೆದರು. ಅಲ್ಲಿನ ಶಿಕ್ಷಕಿ ಉತ್ಸಾಹದಿಂದ ತುಂಗಿಯ ಮುಖವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ರಟ್ಟಿಗೆ ಅಂಟಿಸಿ, ಕಣ್ಣಿಗೆ ತೂತು ಕೊರೆದು ಮುಖವಾಡ ಮಾಡಿದ್ದರು. ಗೇಟಿನೊಳಗೆ ಕಾಲಿಟ್ಟರೆ ಎರಡೂ ಬದಿಗೆ ಸಾಲಾಗಿ ನಿಂತ ಮಕ್ಕಳೆಲ್ಲ ತುಂಗಿಯರು. ಸರ್ ನನ್ನ ತೋಳು ಹಿಡಿದುಕೊಂಡರು. ಭಾಷಣ ಮಾಡಲಿಲ್ಲ. ಮರಳುವಾಗ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಯಾಸವಿರಬೇಕು ಎಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಅವರ ಫೋನ್ ಬಂತು. ಬಿಡುವಿದ್ದರೆ ಬಂದು ಹೋಗು ಎಂದರು. ಹೋದಾಗ ಪುಸ್ತಕ ತೊಡೆಯ ಮೇಲಿತ್ತು. ಕೈಯಲ್ಲಿ ಗಡ್ಡ ಹೆರೆಯುವ ಬ್ಲೇಡಿತ್ತು. ಹಾಳೆ ತಿರುವಿ ತೋರಿಸಿದರು. ಮೊದಲ ಪುಟದಿಂದ ತುಂಗಿಯ ಮುಖವನ್ನು ಕೆರೆಯುತ್ತ ಬಂದಿದ್ದರು. ಜಡೆ, ಲಂಗ, ಕೈಕಾಲು ಎಲ್ಲ ಇದ್ದವು. ಮುಖದ ಜಾಗದಲ್ಲಿ ಬಿಳಿಯ ನಾರು ಎದ್ದಿತ್ತು, ಕೆಲವು ಕಡೆ ತೂತು ಬಿದ್ದು ಹಿಂದಿನ ಪುಟ ಕಾಣುತ್ತಿತ್ತು.

"ನಿನ್ನ ಮ್ಯಾಲೆ ಸಿಟ್ಟಿಲ್ಲವಾ," ಎಂದರು. "ಮೊದಲ ಅಕಿ ಮಬ್ಬಾಗಿ ಆದ್ರೂ ಬರತಿದ್ಲು. ಒಂದೊಂದು ದಿನ ನಗೂದು ಬರತಿತ್ತು, ಒಂದೊಂದು ದಿನ ಬರೇ ಕಣ್ಣು. ಈಗ ಕಣ್ಣು ಮುಚ್ಚಿದ್ರ ನಿನ್ನ ಹುಡುಗಿ ಬಂದು ನಿಂದರ್ತಾಳ. ನಮ್ಮಾಕಿ ಬರವಲ್ಲಳು."

"ಅಮ್ಮಾರನ್ನ ಕೇಳ್ರಿ ಸರ್. ಅವರು ಹೇಳಿದಂಗ ನಾ ಬ್ಯಾರೆ ತಗದು ಕೊಡತೇನಿ."

"ಕೇಳಿದೆ. ದಿನಾ ಕೇಳತೇನಿ. ಹೇಳವಲ್ಲಳು."

ಮತ್ತೆ ಬ್ಲೇಡ್ ಹಿಡಿದರು. ನಾನು ಎದುರಿಗೇ ಕೂತಿದ್ದೆ. ತುಂಗಿ ಮಕ್ಕಳನ್ನು ಕರೆದುಕೊಂಡು ನೀರಿನಿಂದ ಮೇಲೆ ಬರುವ ಕೊನೆಯ ಪುಟದವರೆಗೂ ಅವರು ನಿಲ್ಲಿಸಲಿಲ್ಲ. ಆಮೇಲೆ ಗುಂಪಿನ ಫೋಟೋ ತರಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದರು. ಆ ಮಂಜಿನಲ್ಲೂ ಈಗ ನಾನು ಬರೆದ ಮೂಗು, ಬಾಯಿಯೇ ಕಾಣುತ್ತವೆ ಎಂದರು.

ಆ ಚಳಿಗಾಲದಲ್ಲೇ ಸರ್ ತೀರಿಕೊಂಡರು. ಕಾಯಿಲೆ ಅಂಥದ್ದೇನೂ ಇರಲಿಲ್ಲ. ಊಟ ಕಡಿಮೆ ಮಾಡಿದರು, ಹೊರಗಿನವರೊಡನೆ ಮಾತು ಬಿಟ್ಟರು, ಕೊನೆಗೆ ಹಾಸಿಗೆ ಬಿಟ್ಟು ಏಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮನನ್ನು ನೋಡಲು ಹೋದೆ. ಅಷ್ಟು ವರ್ಷ ಆ ಮನೆಗೆ ಹೋಗಿ ಬಂದರೂ ಅವರು ನನ್ನೆದುರು ಕೂತು ಮಾತಾಡಿದ್ದು ಅದೇ ಮೊದಲು. ನೀರು ಕೊಟ್ಟರು. ತಾವಾಗಿಯೇ ಮಾತು ಶುರು ಮಾಡಿದರು.

"ಹೆಂಗಿದ್ಲು ಹೇಳು ಹೇಳು ಅಂತ ಕೇಳತಿದ್ರವಾ ಪಾಪ. ಸಾಯೂ ದಿನಾನೂ ಕೇಳಿದ್ರು. ನಾ ಹೇಳಲಿಲ್ಲ."

"ಯಾಕ್ರೀ ಅಮ್ಮಾ?"

"ನನ್ನ ಕಣ್ಣಾಗ ಅದಾಳ, ಇದ್ದಂಗ ಅದಾಳ. ಅವರು ನಿನ್ನ ಮುಂದ ಹೇಳಿ ಹೇಳಿ ಕಳಕೊಂಡ್ರು. ನಾನೂ ಬಾಯಿ ತಗದ್ರ ನನ್ನ ಕಡಿಯಿಂದನೂ ಹೋಗಿಬಿಡ್ತಾಳ ಅಂತ ಅಂಜಿಕಿ ಬಂತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದರು. "ಅವರಿಗಾದ್ರೂ ಹೇಳಬೇಕಿತ್ತೇನೋ... ಯಾರಿಗೆ ಗೊತ್ತು."

ಹೊರಡುವಾಗ ನನ್ನ ಚೀಲದತ್ತ ನೋಡಿ, "ಪುಸ್ತಕ ತಂದೀಯೇನು? ತಂದಿದ್ರ ಇಲ್ಲಿ ಇಡಬ್ಯಾಡವಾ" ಎಂದರು. ನಾನು ತಂದಿರಲಿಲ್ಲ.

ಈ ಬೇಸಗೆಯಲ್ಲಿ ಅಮ್ಮನೂ ಹೋದರು. ಸುದ್ದಿ ತಡವಾಗಿ ತಿಳಿಯಿತು. ನಾನು ಹೋದಾಗ ಮನೆಯಲ್ಲಿ ಅಮ್ಮನ ತಂಗಿಯ ಮಗನೂ ಅವನ ಹೆಂಡತಿಯೂ ಇದ್ದರು. ದೂರದ ಸೋಲಾಪುರದಲ್ಲಿ ಬೆಳೆದವನು, ಆ ಹುಡುಗಿ ಹೋದಾಗ ಇನ್ನೂ ಹುಟ್ಟಿರಲಿಲ್ಲ. ಒಳ್ಳೆಯ ಮನುಷ್ಯ. ನಾನು ಯಾರೆಂದು ತಿಳಿದು ಬಹಳ ಆದರದಿಂದ ಕೂರಿಸಿದ.

"ನಿಮಗ ತೋರಸಬೇಕಂತನ ಇದ್ದೆ, ಬರ್ರಿ," ಎಂದು ನಡುಮನೆಗೆ ಕರೆದೊಯ್ದ.

ಗೋಡೆಯ ಮೇಲೆ ಸರ್, ಪಕ್ಕದಲ್ಲಿ ಅಮ್ಮ. ಇಬ್ಬರ ನಡುವೆ ಹೊಸ ಕಟ್ಟಿನಲ್ಲಿ, ಕುಂಕುಮವಿಟ್ಟು, ಹಾರ ಹಾಕಿದ್ದ ಇನ್ನೊಂದು ಚಿತ್ರ. ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತಿ ಪೇರಲಹಣ್ಣು ತಿನ್ನುತ್ತಿದ್ದ ಹುಡುಗಿ ನನ್ನನ್ನು ನೋಡಿ ನಗುತ್ತಿದ್ದಳು.

"ಅಕ್ಕನ ಫೋಟೋ ಒಂದೂ ಸಿಗಲಿಲ್ರಿ. ಅಂಗಡ್ಯಾಗ ನಿಮ್ಮ ಪುಸ್ತಕ ಸಿಕ್ತು. ಕಾಕಾ ಅದರಾಗ ಅಕ್ಕನ್ನ ತಗಸ್ಯಾರಂತ ಗೊತ್ತಿತ್ತು. ಅದನ್ನ ದೊಡ್ಡದು ಮಾಡಿಸಿ ಕಟ್ಟ ಹಾಕಿಸಿದ್ವಿ. ಮೂರೂ ಮಂದಿ ಒಂದ ಕಡೆ ಆದ್ರಲ್ಲ."

ಇವಳು ಅವಳಲ್ಲ ಎಂದು ಹೇಳಬೇಕೆಂದುಕೊಂಡೆ. ಹಾಗಾದರೆ ಹೇಗಿದ್ದಳು ಎಂದು ಅವನು ಕೇಳುತ್ತಾನೆ. ಅದನ್ನು ಹೇಳಬಲ್ಲವರು ಯಾರೂ ಈಗ ನನಗೆ ಗೊತ್ತಿಲ್ಲ... ಅವನ ಹೆಂಡತಿ ಊದುಬತ್ತಿ ಹಚ್ಚಿ ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಕೈ ಮುಗಿದೆ.