ಹನ್ನೊಂದಕ್ಕೆ ಕೈಕೊಡುವ ಪ್ರೊಸೆಸರ್

ನನ್ನ ತಲೆ ನೆಟ್ಟಗಿದ್ದಿದ್ದರೆ ಕಂಪ್ಯೂಟರನ್ನು ಅದರ ಪಾಡಿಗೆ ಬಿಡುತ್ತಿದ್ದೆ. ನಾಲ್ಕು ಪಾಯಿಂಟ್ ಎರಡು ಗಿಗಾಹರ್ಟ್ಸ್ ವೇಗಕ್ಕೆಂದು ಮಾಡಿದ ಪ್ರೊಸೆಸರನ್ನು ಸೆಟ್ಟಿಂಗ್ ತಿದ್ದಿ ನಾಲ್ಕು ಪಾಯಿಂಟ್ ಎಂಟರಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ನನ್ನ ಹೆಂಡತಿ ಅದಕ್ಕೆ ಇಲ್ಲದ ಉಸಾಬರಿ ಅನ್ನುತ್ತಾಳೆ.

ಬೆಳಿಗ್ಗೆ ಏಳೂವರೆಗೆ ಪ್ರೊಸೆಸರನ್ನು ಸತತವಾಗಿ ದುಡಿಸುವ ಪರೀಕ್ಷೆಯೊಂದನ್ನು ಹಚ್ಚಿ ಭೋಸರಿಯ ಕಾರ್ಖಾನೆಗೆ ಹೋಗುತ್ತಿದ್ದೆ. ಹೆಂಡತಿ ಆಫೀಸಿಗೆ, ಮನೆಯಲ್ಲಿ ಅವ್ವ ಒಬ್ಬಳೇ. ಸಂಜೆ ಬಂದು ನೋಡಿದರೆ ಪರೀಕ್ಷೆ ನಿಂತು, ಕಂಪ್ಯೂಟರ್ ತಾನೇ ಹೊಸದಾಗಿ ಶುರುವಾಗಿ, ಏನೂ ಅರಿಯದ ಹಾಗೆ ಕೂತಿರುತ್ತಿತ್ತು. ದಿನಾ ಹನ್ನೊಂದರ ಆಸುಪಾಸಿಗೇ ಕೈಕೊಟ್ಟಿರುತ್ತಿತ್ತು. ಭಾನುವಾರ ನಾನು ಎದುರಿಗೆ ಕೂತರೆ ಮಾತ್ರ ಇಡೀ ದಿನ ತಕರಾರಿಲ್ಲ. ಹಾಳಾದ್ದು!

ಕಾರ್ಖಾನೆಯಲ್ಲಿ ನನ್ನದು ಗುಣಮಟ್ಟ ತಪಾಸಣೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಹಾಳೆಯಲ್ಲಿ ಬರೆ, ಇದು ಅಲ್ಲಿನ ಶಿಸ್ತು. ಮನೆಯಲ್ಲೂ ಹಾಗೇ ಮಾಡಿದೆ. ವೋಲ್ಟೇಜ್ ಏರಿಸಿದೆ, ಬರೆದೆ. ಮೆಮೊರಿಯ ವೇಗ ಇಳಿಸಿದೆ, ಬರೆದೆ. ಪ್ಲಗ್ ಬದಲಿಸಿದೆ, ಅದನ್ನೂ ಬರೆದೆ. ಮೂರು ವಾರದಲ್ಲಿ ಏಳು ಹಾಳೆ ತುಂಬಿದವು.

ಹೆಂಡತಿಗೆ ತಾಳ್ಮೆ ಹೋಯಿತು. "ಈ ಐತವಾರ ನೀವು ಮುಂದ ಕೂಡಬ್ಯಾಡ್ರಿ, ಅದು ಮುಂಜಾನಿಂದ ಸಂಜಿತನಕ ನನ್ನ ಕಣ್ಮುಂದ ಓಡಿ ತೋರಸಬೇಕು. ನಡುವ ಒಮ್ಮೆ ಬಂದ್ ಆತಂದ್ರ ಅಟ್ಟಕ್ಕ ಹೋಗ್ತದ. ಆ ಟೇಬಲ್ ಮ್ಯಾಲೆ ನನ್ನ ಹೊಲಿಗಿ ಮಷೀನ್ ಬರ್ತದ ನೋಡ್ರಿ," ಅಂದಳು. ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಗುರುವಾರ ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಹತ್ತೂವರೆಗೇ ಬಿಟ್ಟರು. ಮನೆಗೆ ಬಂದು ಬಾಗಿಲು ತೆರೆದರೆ, ನನ್ನ ಕಂಪ್ಯೂಟರ್ ಡಬ್ಬಿ ಗುಲಾಬಿ ಉಣ್ಣೆಯ ಅಂಗಿ ತೊಟ್ಟು ನಿಂತಿದೆ! ಅಂಚಿಗೆ ಮಣಿ, ಎದೆಯ ಮೇಲೆ ಹಸಿರು ನವಿಲು. ಬಿಸಿಗಾಳಿ ಹೊರಬೀಳುವ ಮೇಲಿನ ಫ್ಯಾನು ನವಿಲಿನ ಬಾಲದಡಿ ಒದ್ದಾಡುತ್ತಿದೆ.

"ಅವ್ವಾ, ಏನಿದು?"

"ಕವರ್ ಅಲ್ಲೇನೋ. ಪೂಜಿ ಆದ ಮ್ಯಾಲೆ ದಿನಾ ಹಾಕ್ತೀನಿ, ಧೂಳ ಭಾಳ. ಸಂಜಿಗೆ ನೀ ಬಂದು ಕೂಡ್ತಿ ಅಂತ ತೆಗದಿಡ್ತೀನಿ."

ನಮ್ಮ ಮನೆಯಲ್ಲಿ ಟಿವಿಗೂ ಇದೇ ಮರ್ಯಾದೆ: ನೋಡುವವರಿಲ್ಲದಾಗ ಹೊದಿಕೆ. ನನ್ನ ಏಳು ಹಾಳೆಯಲ್ಲಿ ಎಲ್ಲೂ ಅವ್ವನ ಕಾಲಂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. "ಉರೀತದ ಅದು! ಬಂದ್ ಇದ್ದಾಗ ಹಾಕು!" ಅಂತ ಕೂಗಿದೆ.

"ಬಂದ್ ಯಾವಾಗ ಇರ್ತದೋ ಅದು?"

ಅವ್ವ ಕವರ್ ತೆಗೆದು, ನವಿಲು ಒಳಗಾಗುವಂತೆ ಮಡಿಸಿದಳು. "ಕಣ್ಣಿನ ಆಪರೇಶನ್ ಆದ ಮ್ಯಾಲೆ ಮೊದಲ ಹೆಣದಿದ್ದು ಇದು. ಹೆಣಿಗಿ ತಪ್ಪಿಲ್ಲ ಅಂತ ಖುಷಿ ಆಗಿತ್ತು. ಇರ್ಲಿ ಬಿಡು," ಅಂದು ಅಡುಗೆಮನೆಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಕವರನ್ನು ತಂದು ನಾನೇ ತೊಡಿಸಿದೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ: ವೋಲ್ಟೇಜ್ ಮೊದಲಿನಷ್ಟಕ್ಕೆ ತಂದೆ, ವೇಗ ನಾಲ್ಕು ಪಾಯಿಂಟ್ ಎಂಟರಿಂದ ನಾಲ್ಕು ಪಾಯಿಂಟ್ ಆರಕ್ಕೆ, ಆಮೇಲೆ ಪಾಯಿಂಟ್ ನಾಲ್ಕಕ್ಕೆ, ಪಾಯಿಂಟ್ ಎರಡಕ್ಕೆ ಇಳಿಸಿದೆ. ಊಹೂಂ. ಶನಿವಾರ ಸಂಜೆ ಮೂರು ಪಾಯಿಂಟ್ ನಾಲ್ಕಕ್ಕೆ ಬಂದಾಗ ನವಿಲು ಹೊದ್ದುಕೊಂಡೇ ಕೈಕೊಡದೆ ಓಡತೊಡಗಿತು.

ಭಾನುವಾರ ಹೆಂಡತಿ ಸಂಜೆಯತನಕ ಕಾವಲು ಕೂತಳು. ಒಮ್ಮೆಯೂ ನಿಲ್ಲಲಿಲ್ಲ. "ಅಂತೂ ಗೆದ್ದ್ರಿ. ಈಗ ಎಷ್ಟು ಜೋರಾತ್ರಿ?" ಅಂದಳು.

ಕೊಂಡ ದಿನಕ್ಕಿಂತ ನಿಧಾನವಾಗಿದೆ ಅಂತ ಹೇಗೆ ಹೇಳಲಿ? ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ಭಾಳ ಜೋರ ಆಗೇದ. ಬೆಚ್ಚಗಿದ್ರ ಯಾವುದಾದ್ರೂ ಓಡ್ತದ."